ಬರ್ತೀನಿ ಹಂಗಾದ್ರ

ಅಪ್ಪಾರು ಒಂದು ಹೆಣ್ಣಿಗಾಗಿ ಪೀಠ ಬಿಟ್ಟರು. ಅವರು ಬಿಟ್ಟುಹೋದ ಪೀಠಕ್ಕೆ ಕಾವಲು ನಿಂತು ನನ್ನ ಮಗ ಮಾನ ಕಳೆದುಕೊಂಡ. ನಡೆದದ್ದು ಇಷ್ಟೇ. ಇದರಲ್ಲಿ ಪಿತೂರಿ ಇಲ್ಲ, ಯಾರೂ ಮಾಟ ಮಾಡಿಸಲಿಲ್ಲ. ಈಗಲೂ ನಮ್ಮವರು ಎಲ್ಲಿ ಸಿಕ್ಕರೂ, ಇಂಗ್ಲೆಂಡಿನ ಟಿವಿಡೇಲ್ ಗುಡಿಯ ಕಾರ್ ಪಾರ್ಕಿನಲ್ಲಿ ಸಿಕ್ಕರೂ, ಇದಕ್ಕೆ ಕೈಕಾಲು ಹಚ್ಚಿ ಹೇಳುತ್ತಾರೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ನನಗೆ ಕೈಕಾಲು ಹಚ್ಚಲು ಬರುವುದಿಲ್ಲ, ಕಂಡದ್ದನ್ನು ಬರೆಯುತ್ತೇನೆ.

ಅಪ್ಪಾರು ಅಂದರೆ ನಮ್ಮ ಮಠದ ಸ್ವಾಮಿಗಳು. ನಮ್ಮ ಊರ ಕಡೆ ಮಠದ ಸ್ವಾಮಿ ಅಂದರೆ ಅರಸನೇ. ಸಿಂಹಾಸನ ಇದೆ, ಕಿರೀಟ ಇದೆ, ಪಲ್ಲಕ್ಕಿ ಇದೆ, ಮಂತ್ರಿಗಳು ಬಂದು ಕಾಲಿಗೆ ಬೀಳುತ್ತಾರೆ. ಇಂಗ್ಲೆಂಡಿಗೆ ಬಂದು ಅರ್ಧಕ್ಕಿಂತ ಹೆಚ್ಚು ಆಯುಷ್ಯ ಕಳೆದೆ, ಆದರೆ ಇಲ್ಲಿಯ ರಾಜ ನನಗೆ ನೋಟಿನ ಮೇಲಿನ ಒಂದು ಮುಖ, ಅಷ್ಟೇ. ನಮ್ಮ ಅರಸು ಅಪ್ಪಾರು. ಅವರು ನನ್ನ ಮಗನಿಗಿಂತ ಚಿಕ್ಕವರು. ಆದರೂ ನಾನು ತಲೆಯ ಮೇಲೆ ಸೆರಗು ಹೊದ್ದು, ಅಪ್ಪಾರೇ ಅಂತ ಕಾಲಿಗೆ ಬೀಳುತ್ತಿದ್ದೆ. ಬಿದ್ದ ಮೇಲೆ ಮೊಣಕಾಲು ಹಿಡಿದುಕೊಂಡು ಏಳಲಾಗದಿದ್ದರೆ ಅವರೇ ರಟ್ಟೆ ಹಿಡಿದು ಎಬ್ಬಿಸುತ್ತಿದ್ದರು. ಒಳ್ಳೆಯವರು. ಅದನ್ನು ಮೊದಲೇ ಹೇಳಿಬಿಡಬೇಕು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮಗ ಇಲ್ಲಿ ಕೌನ್ಸಿಲರ್. ಕಸದ ಡಬ್ಬಿ ಎತ್ತಲಿಲ್ಲ, ರಸ್ತೆಯಲ್ಲಿ ಗುಂಡಿ ಬಿತ್ತು, ಕೌನ್ಸಿಲ್ ಟ್ಯಾಕ್ಸ್ ಏರಿತು ಅಂತ ಜನ ಬೈಯುವುದಕ್ಕೆ ಒಬ್ಬ ಮನುಷ್ಯ ಬೇಕಲ್ಲ, ಅವನು ಇವನು. ಕಂಕುಳಲ್ಲಿ ಇದ್ದಾಗ ಇಲ್ಲಿಗೆ ಬಂದವನು, ಹೀಗಾಗಿ ಅವನದು ಅಡುಗೆಮನೆಯ ಕನ್ನಡ. ಉಣ್ಣಲು, ಬಾಗಿಲು ಹಾಕಲು, ಜಗಳ ಆಡಲು ಸಾಲುತ್ತದೆ, ಅದರಾಚೆಗೆ ಇಂಗ್ಲಿಷು. ಶಾಲೆಗೆ ಹೊರಟಾಗ ಹೋಗ್ತೀನಿ ಅನ್ನಬಾರದು, ಹೋಗಿ ಬರ್ತೀನಿ ಅನ್ನಬೇಕು, ಬರೀ ಹೋಗುವವರು ಸತ್ತವರು ಮಾತ್ರ ಅಂತ ಕಲಿಸಿದ್ದೆ. ಗಿಣಿಯ ಹಾಗೆ ಕಲಿತ. ದಿನಾ ಬೆಳಿಗ್ಗೆ ಹೊಸ್ತಿಲ ಮೇಲೆ ನಿಂತು ಪೂರಾ ಎರಡೂ ಮಾತು ಹೇಳಿಯೇ ಹೋಗುತ್ತಿದ್ದ. ಕೌನ್ಸಿಲರ್ ಆದ ಮೇಲೂ ಹೇಳುತ್ತಿದ್ದ.

ಅಪ್ಪಾರ ಮೇಲೆ ಅವನಿಗೆ ಇಷ್ಟು ನಿಷ್ಠೆ ಯಾಕೆ ಅಂದರೆ ಅದಕ್ಕೆ ಕಾರಣ ನನ್ನ ಗಂಡನ ಸಾವು. ಅವರು ಎಜ್‌ಬಾಸ್ಟನ್ನಿನಲ್ಲಿ ಡಾಕ್ಟರಾಗಿದ್ದರು, ಅಲ್ಲೇ ತೀರಿಕೊಂಡರು. ನಮ್ಮಲ್ಲಿ ಸತ್ತವರ ತಲೆಯ ಮೇಲೆ ಸ್ವಾಮಿಗಳು ಪಾದ ಇಟ್ಟು ಕಳಿಸಿಕೊಡಬೇಕು. ಈ ದೇಶದಲ್ಲಿ ಪಾದಕ್ಕೆ ಎಲ್ಲಿಗೆ ಹೋಗುವುದು? ಮಗ ಊರಿಗೆ ಫೋನ್ ಮಾಡಿ ಅತ್ತ. ಅಪ್ಪಾರು ಆಗ ಹೊಸದಾಗಿ ಪೀಠಕ್ಕೆ ಬಂದವರು. ಮಠದ ಹಿರಿಯರು ಬೇಡ ಅಂದರೂ ವಿಮಾನ ಹತ್ತಿ ಬಂದರು. ಹೆಣ ಇಟ್ಟ ಕೋಣೆಯಲ್ಲಿ ಕರಿ ಸೂಟಿನ ಇಂಗ್ಲಿಷರು ಗೋಡೆಗೆ ಆತು ನಿಂತು ನೋಡುತ್ತಿದ್ದರು. ಅಪ್ಪಾರು ಕಾಲುಚೀಲ ಬಿಚ್ಚಿ, ಕೊರೆಯುವ ನೆಲದ ಮೇಲೆ ಬರಿಗಾಲಲ್ಲಿ ನಡೆದು ಬಂದು, ನನ್ನ ಗಂಡನ ತಲೆಯ ಮೇಲೆ ಪಾದ ಇಟ್ಟು ಕಣ್ಣು ಮುಚ್ಚಿದರು. ಅವತ್ತು ಮಗ ಅವರಿಗೆ ಮಾರಿಹೋದ. ನಾನೂ ಮಾರಿಹೋದೆ ಅನ್ನಿ. ನನ್ನ ಸರದಿ ಬಂದಾಗಲೂ ಇವರೇ ಬರುತ್ತಾರೆ ಅಂತ ನನಗೊಂದು ನೆಮ್ಮದಿ ಇತ್ತು.

ಆಮೇಲೆ ವರ್ಷವರ್ಷವೂ ಬೇಸಿಗೆಯಲ್ಲಿ ಬರತೊಡಗಿದರು. ಇಲ್ಲಿ ಮಠದ ಒಂದು ಶಾಖೆ ಆಗಬೇಕು ಅಂತ ಮಾತಾಗಿತ್ತು. ಇಳಿದುಕೊಳ್ಳುವುದು ನಮ್ಮ ಮನೆಯಲ್ಲಿ. ಮುಂದಿನ ಕೋಣೆಯಲ್ಲಿ ಒಂದು ಕುರ್ಚಿಗೆ ಕಾವಿ ಶಾಲು ಹೊದಿಸಿ ಇಟ್ಟೆವು. ಅವರು ಇರಲಿ ಇಲ್ಲದಿರಲಿ, ಅದರ ಮೇಲೆ ಮನೆಯವರಾರೂ ಕೂಡುತ್ತಿರಲಿಲ್ಲ. ಬೆಕ್ಕು ಕೂತರೂ ಸೊಸೆ ಓಡಿಸುತ್ತಿದ್ದಳು.

ಪ್ರತಿ ವಾರ ಅವರಿಗೆ ಲೀಡ್ಸಿನಲ್ಲಿ ಪ್ರವಚನ ಇರುತ್ತಿತ್ತು. ಅಲ್ಲಿ ನಮ್ಮವರೇ ಒಬ್ಬ ಹೆಣ್ಣುಮಗಳು, ಆಸ್ಪತ್ರೆಯಲ್ಲಿ ಕೆಲಸ, ಗಂಡ ಸತ್ತವಳು, ಒಂದು ಮಗು. ಅವಳ ಮನೆಯಲ್ಲೇ ಪ್ರವಚನ. ಕಾರು ಓಡಿಸಿಕೊಂಡು ಹೋಗುತ್ತಿದ್ದವನು ನನ್ನ ಮಗನೇ. ಅವರನ್ನು ಬಾಗಿಲಲ್ಲಿ ಇಳಿಸಿ, ಅಲ್ಲೇ ಹೆಡಿಂಗ್ಲೀಯಲ್ಲಿ ಓದುತ್ತಿದ್ದ ತನ್ನ ಮಗಳನ್ನು ನೋಡಿಕೊಂಡು, ಮತ್ತೆ ಕರೆತರುತ್ತಿದ್ದ. ಮೊದಮೊದಲು ಪ್ರವಚನಕ್ಕೆ ಜನ ಸೇರುತ್ತಿದ್ದರು, ಆಮೇಲೆ ಕಡಿಮೆಯಾದರು, ಕೊನೆಗೆ ಕೇಳುವವಳು ಅವಳೊಬ್ಬಳೇ ಉಳಿದಳು. ಡ್ಯಾಡ್, ಎಲ್ಲರಿಗೂ ಕಾಣುತ್ತದೆ, ನಿಮಗೊಬ್ಬರಿಗೇ ಕಾಣುವುದಿಲ್ಲ ಅಂತ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದಳಂತೆ. ಅವನು ಅವಳನ್ನು ಗದರಿಸಿಕೊಂಡು ಬಂದ. ಮನೆಗೆ ಬಂದು ನನಗೆ ಹೇಳಿದ. ಗಂಡಸಿಗೆ ಹೆಂಡತಿ ಬೇಕೆನಿಸುವುದು ಹಸಿವೆಯ ಹಾಗೆ, ಅದರಲ್ಲಿ ಪಾಪ ಹುಡುಕುವಷ್ಟು ಪುರಸೊತ್ತು ನನಗಿಲ್ಲ. ಹಸಿದವನು ಹಸಿವೆ ಅಂತ ಬಾಯಿಬಿಟ್ಟು ಹೇಳಬೇಕು. ಅಷ್ಟೇ ನನ್ನ ತಕರಾರು.

ಸುದ್ದಿ ಹಬ್ಬಲು ತಡವಾಗಲಿಲ್ಲ. ದಿನಾ ವಚನ ಓದುವ ಮನೆಗಳಲ್ಲೇ ವಿಧವೆ ಅಂತ ಮೂಗು ಮುರಿದರು. ಒಂದು ಮುಂಜಾನೆ ಅಪ್ಪಾರು ಲಂಡನ್ನಿನ ಭಕ್ತರ ಮನೆಗೆ ಅಂತ ಸಣ್ಣ ಚೀಲ ಹಿಡಿದು ಹೊರಟರು. ಅವರ ಮರದ ಹಾವುಗೆ ಕುರ್ಚಿಯ ಬುಡದಲ್ಲೇ ಉಳಿದಿದ್ದವು. ಸ್ವಾಮಿಗಳು ಹಾವುಗೆ ಬಿಟ್ಟು ಬೇರೆ ಊರಿಗೆ ಹೋಗುವುದುಂಟೇ ಅಂತ ಸೊಸೆಯನ್ನು ಕೇಳಿದೆ. ಅವಳು, ಟ್ರೇನರ್ ಬೂಟು ಹಾಕಿಕೊಂಡು ಹೋದರು ಅತ್ತೆ, ಬೆಳಗಿನ ಚಳಿ ಅಲ್ವಾ ಅಂದಳು.

ಅದೇ ಹೊತ್ತಿಗೆ ಮಗನ ಪಕ್ಷದಲ್ಲಿ ಪಾರ್ಲಿಮೆಂಟಿಗೆ ಯಾರನ್ನು ನಿಲ್ಲಿಸಬೇಕು ಅನ್ನುವ ಆಯ್ಕೆ ಇತ್ತು. ಆರಿಸುವವರು ಪಕ್ಷದ ಸದಸ್ಯರು. ಇವನಿಗೆ ಓಟು ಹಾಕಬೇಕು ಅಂತಲೇ ನಮ್ಮವರು ಮನೆಮಂದಿಯೆಲ್ಲ ಸದಸ್ಯರಾಗಿದ್ದರು. ಅವರ ಓಟು ಬಿದ್ದರೆ ಇವನು ಗೆದ್ದ ಹಾಗೇ. ಅವರು ಕೈಬಿಟ್ಟರೆ ಆಯುಷ್ಯವೆಲ್ಲ ಕಸದ ಡಬ್ಬಿ.

ನಮ್ಮವರಿಗೆಲ್ಲ ಹಿರಿಯರು ಒಬ್ಬ ಡಾಕ್ಟರು, ನನ್ನ ಗಂಡನ ಗೆಳೆಯರು. ನನ್ನನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತಾರೆ, ಮಗನನ್ನು ಹೆಗಲ ಮೇಲೆ ಹೊತ್ತು ತಿರುಗಿಸಿದ್ದಾರೆ. ಅವರು ಮನೆಗೆ ಬಂದು ಚಹಾ ಕುಡಿದು, ನಿಧಾನಕ್ಕೆ ವಿಷಯ ತೆಗೆದರು. ಭಾನುವಾರ ಸಭೆ ಕರೆದಿದ್ದೇವೆ, ಹೆಣ್ಣು ಬಿಡಬೇಕು ಇಲ್ಲಾ ಪೀಠ ಬಿಡಬೇಕು ಅಂತ ತೀರ್ಮಾನ ಮಾಡಿ ಊರಿಗೆ ತಿಳಿಸುತ್ತೇವೆ ಅಂದರು. ಮಗನಿಗೆ ಅವರು ಹೇಳಿದ್ದು ಇಷ್ಟೇ.

"ಇದರಾಗ ನೀ ಬಾಯಿ ಹಾಕಬ್ಯಾಡ ತಮ್ಮಾ. ಸುಮ್ಮನ ಕೂತಿ ಅಂದ್ರ ಪಾರ್ಲಿಮೆಂಟಿಗೆ ಹೋಗ್ತಿ."

"ನಮ್ಮಪ್ಪನ ತಲಿ ಮ್ಯಾಲೆ ಕಾಲಿಟ್ಟವ್ರನ್ನ ನಾ ಹೆಂಗ ಬಿಡ್ಲಿ, ಅಂಕಲ್?"

ಡಾಕ್ಟರು ಬಸಿಯಲ್ಲಿ ಉಳಿದಿದ್ದ ಚಹಾ ಹೀರಿ, "ಕಾಲಲ್ಲೋ. ಪಾದ ಅನಬೇಕು" ಅಂದರು.

ಅವರು ಹೇಳಿದ್ದು ಸರಿಯೇ. ಸ್ವಾಮಿಗಳದು ಪಾದ, ನಮ್ಮ ನಿಮ್ಮದು ಕಾಲು. ಮಗನಿಗೆ ಆ ಫರಕು ಗೊತ್ತಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಇರಬೇಕು.

ಲಂಡನ್ನಿಗೆ ಅಂತ ಹೋದ ಅಪ್ಪಾರು ತಿರುಗಿ ಬಂದಿರಲಿಲ್ಲ. ಆ ವಾರವೆಲ್ಲ ಮಗ ಅವರಿಗೆ ಫೋನ್ ಹಚ್ಚಿ ಹಚ್ಚಿ ಸೋತ. ಎತ್ತಲಿಲ್ಲ. ಶನಿವಾರ ಮಧ್ಯಾಹ್ನ ಅಂಗಳದಲ್ಲಿ ಕಾರು ನಿಂತ ಸಪ್ಪಳ ಕೇಳಿಸಿತು, ಆದರೆ ಇವನು ಬಹಳ ಹೊತ್ತು ಇಳಿಯಲಿಲ್ಲ. ಕಿಟಕಿಯಿಂದ ನೋಡಿದರೆ ಒಳಗೆ ಕೂತೇ ಫೋನಿನಲ್ಲಿ ಮಾತಾಡುತ್ತಿದ್ದ. ಆಮೇಲೆ ಬೂಟು ಕೂಡ ಬಿಚ್ಚದೆ ಅಡುಗೆಮನೆಗೆ ಬಂದ. ಮುಖ ಅರಳಿತ್ತು.

ಅಪ್ಪಾರು ನಾಳೆ ಸಭೆಗೆ ಬರ್ತಾರೆ, ಈಗ ಅವರೇ ಹೇಳಿದರು ಅಂದ. ಖರೇನಾ ಅಂತ ಕೇಳಿದೆ. ಪ್ರಾಮಿಸ್ ಯವ್ವಾ ಅಂದ. ಅಂದರೆ ಅವರು ಬಂದು ಎಲ್ಲರೆದುರು ಕೂತು ತಾವೇ ಮಾತಾಡುತ್ತಾರೆ, ಬೆನ್ನ ಹಿಂದೆ ಯಾರನ್ನೂ ಇಳಿಸುವ ಮಾತು ಬರುವುದಿಲ್ಲ. ಅದು ಅವನ ಲೆಕ್ಕ. ಅಪ್ಪಾರು ಬರುತ್ತಾರೆ ಅಂದರೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ನಾನು ಹುಗ್ಗಿಗೆ ಗೋಧಿ ನೆನೆಹಾಕಿದೆ.

ಸಭೆ ಒಂದು ಶಾಲೆಯ ಹಾಲಿನಲ್ಲಿ. ಆ ಹಾಲಿಗೆ ಹೊಂದಿಕೊಂಡು ಸಣ್ಣ ಅಡುಗೆಕೋಣೆ, ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ನಾನು ಕಿಂಡಿಯ ಈಚೆ ಹುಗ್ಗಿಯ ಪಾತ್ರೆಯ ಪಕ್ಕ ನಿಂತಿದ್ದೆ. ವೇದಿಕೆಯ ಮೇಲೆ ಅಪ್ಪಾರಿಗೆ ಅಂತ ಒಂದು ಕುರ್ಚಿ ಹಾಕಿ, ಮನೆಯಿಂದ ತಂದ ಕಾವಿ ಶಾಲು ಹೊದಿಸಿದವನು ಮಗನೇ. ಅದನ್ನು ನೋಡಿ ಯಾರೋ ಕಿಸಕ್ಕೆಂದರು. ಏನೋ ಇದೆ ಅಂತ ನನಗೆ ಆಗಲೇ ತಿಳಿಯಬೇಕಿತ್ತು.

ಡಾಕ್ಟರು ಚೆನ್ನಾಗಿ ಮಾತಾಡಿದರು. ಮಠ ದೊಡ್ಡದು, ವ್ಯಕ್ತಿ ಸಣ್ಣವನು ಅಂದರು. ಜನ ತಲೆದೂಗಿದರು. ಆಮೇಲೆ ಮಗ ಎದ್ದ. ಕೌನ್ಸಿಲಿನಲ್ಲಿ ಅವನು ಮಾತಾಡುವುದನ್ನು ನೋಡಿದ್ದೇನೆ, ಅರ್ಥವಾಗದಿದ್ದರೂ ಧಾಟಿ ಗೊತ್ತು. ಇಲ್ಲಿ ಆ ಧಾಟಿ ಇರಲಿಲ್ಲ. ಕನ್ನಡದಲ್ಲಿ ಮಾತಾಡಬೇಕು ಅಂತ ಹಟ ಹಿಡಿದು ಎಡವಿ ಎಡವಿ ಮಾತಾಡಿದ. ಒಬ್ಬ ಮನುಷ್ಯ ಇಲ್ಲದಾಗ ಅವನನ್ನು ಇಳಿಸುವುದು ಬೇಡ, ಸ್ವಲ್ಪ ಟೈಮ್ ಕೊಡಿ, ಅವರ ಬಾಯಿಂದ ಕೇಳೋಣ, ನನಗೆ ಸ್ವತಃ ಬರ್ತೀನಿ ಅಂದಿದ್ದಾರೆ ಅಂದ. ಹಿಂದಿನ ಸಾಲಿನಿಂದ ಕೂಡ್ರೋ ಅಂತ ಒಂದು ದನಿ ಬಂತು. ಮತ್ತೊಂದು ಬಂತು. ಕಾರು ಓಡಿಸಿದವನು ನೀನೇ ಅಲ್ಲೇನೋ ಅಂತ ಒಬ್ಬ ಕೇಳಿದ. ಎಲ್ಲರೂ ನಕ್ಕರು. ಅವನ ಹುಟ್ಟುಹಬ್ಬಕ್ಕೆ ಬಂದು ಊಟ ಮಾಡಿ ಹೋದ ಹೆಂಗಸರೂ ನಕ್ಕರು. ಅವನು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಡಾಕ್ಟರು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು.

"ನಿನ್ನ ಮಾತಿಗೆ ನೀ ಜವಾಬ್ದಾರ ಏನು?"

"ಹೌದ್ರಿ."

"ಅವರು ಬರದಿದ್ರ?"

"ಬರದಿದ್ರ ನಂಗ ನೀವ್ಯಾರೂ ಓಟು ಹಾಕಬ್ಯಾಡ್ರಿ."

ಅದನ್ನು ಅವನು ಹೇಳಬಾರದಿತ್ತು. ಡಾಕ್ಟರು ಅದಕ್ಕೇ ಕಾದಿದ್ದ ಹಾಗೆ ಜೇಬಿನಿಂದ ಫೋನ್ ತೆಗೆದು, ಒಂದು ವಿಡಿಯೋ ಹಚ್ಚಿ, ಮೈಕಿನ ಹತ್ತಿರ ಹಿಡಿದರು. ಅಪ್ಪಾರ ದನಿ ಹಾಲಿನ ತುಂಬ ಬಂತು. ನಾನು ಸ್ವಂತ ಇಚ್ಛೆಯಿಂದ ಪೀಠತ್ಯಾಗ ಮಾಡಿದ್ದೇನೆ, ಕಿರೀಟ, ದಂಡ ಎಲ್ಲ ಮಠಕ್ಕೆ ಒಪ್ಪಿಸಿದ್ದೇನೆ, ಇನ್ನು ನನ್ನನ್ನು ಯಾರೂ ಹುಡುಕಬೇಡಿ. ಮುಂದಿನ ಸಾಲಿನವರು ಫೋನ್ ಇಸಿದುಕೊಂಡು ಚಿತ್ರ ನೋಡಿದರು. ಕೈಯಿಂದ ಕೈಗೆ ದಾಟಿ ಕಿಂಡಿಯವರೆಗೂ ಬಂತು. ನಾನೂ ನೋಡಿದೆ. ನೀಲಿ ಅಂಗಿ ಹಾಕಿಕೊಂಡು ಸೋಫಾದ ಮೇಲೆ ಕೂತಿದ್ದರು. ಹಣೆಯ ಮೇಲೆ ವಿಭೂತಿ ಇರಲಿಲ್ಲ. ಹಣೆ ಬಹಳ ಸಣ್ಣದು ಅನ್ನಿಸಿತು. ಆ ವಿಡಿಯೋ ಮಾಡಿ ಊರಿಗೆ ಕಳಿಸಿದ್ದು ಶುಕ್ರವಾರವಂತೆ. ನನ್ನ ಮಗನ ಕೂಡ ಮಾತಾಡಿದ್ದು ಶನಿವಾರ.

ಮಗ ಮೈಕಿನ ಮುಂದೆ ನಿಂತೇ ಇದ್ದ. ಕೂಡು ಅಂತ ಈಗ ಯಾರೂ ಅನ್ನಲಿಲ್ಲ. ಅವನನ್ನು ದಾಟಿ ಹೋಗಿ ಎಲ್ಲರೂ ಊಟದ ಸಾಲು ಹಿಡಿದರು. ನಾನು ಹುಗ್ಗಿ ಬಡಿಸಿದೆ. ಬಡಿಸದೆ ಏನು ಮಾಡಲಿ? ಮಾಡಿದ್ದೆನಲ್ಲ. ಡಾಕ್ಟರು ತಟ್ಟೆ ಹಿಡಿದು ಬಂದಾಗ, ಮೊದಲೇ ತೋರಿಸಬೇಕಿತ್ತಲ್ಲ ಅಂದೆ. ಅವನು ತಾನಾಗಿ ಹಿಂದೆ ಸರಿಯಲಿ ಅಂತ ನೋಡಿದೆ ವೈನಿ ಅಂದರು. ಆಮೇಲೆ ತುಪ್ಪ ಕೇಳಿದರು. ಹಾಕಿದೆ.

ಮನೆಗೆ ಹೊರಟಾಗ ಕಾರಿನಲ್ಲಿ ನಾವಿಬ್ಬರೇ ಇದ್ದೆವು. ತೊಳೆದ ಪಾತ್ರೆ ಹಿಂದಿನ ಸೀಟಿನಲ್ಲಿ ಗಡಗಡ ಅನ್ನುತ್ತಿತ್ತು. ಅವರು ನನಗೆ ಸುಳ್ಳು ಹೇಳಿದರು ಯವ್ವಾ ಅಂದ. ಅವನಿಗೆ ಹೆಚ್ಚು ನೋವಾದದ್ದು ಅದು. ಓಟು ಹೋದದ್ದಲ್ಲ. ನನಗೆ ಏನೋ ತಟ್ಟಿತು. ಏನು ಅಂದರು, ಅವರ ಬಾಯಲ್ಲಿ ಬಂದ ಹಾಗೇ ಹೇಳು ಅಂದೆ. ನಾಳೆ ಸಭೆಗೆ ಬರ್ತೀರಲ್ಲಾ ಅಪ್ಪಾರೇ ಅಂತ ಇವನು ಕೇಳಿದನಂತೆ. ಅವರು, ನಿಮ್ಮವ್ವ ಆರಾಮ ಇದ್ದಾರಾ ಅಂತ ನನ್ನನ್ನು ವಿಚಾರಿಸಿ, ಆಮೇಲೆ ಹೇಳಿದರಂತೆ.

"ಆತಪಾ. ಬರ್ತೀನಿ ಹಂಗಾದ್ರ."

ಅವರ ದನಿಯಲ್ಲೇ ಹೇಳಿ ತೋರಿಸಿದ. ಚಿಕ್ಕಂದಿನಿಂದ ಗಿಣಿಯಲ್ಲವೇ, ತಪ್ಪಿಲ್ಲದೆ ಹೇಳಿದ.

"ತಮ್ಮಾ, ಅದು ಬರೂ ಮಾತಲ್ಲ," ಅಂದೆ. "ಅದು ಹೋಗೂ ಮಾತು."

ಅವನಿಗೆ ತಿಳಿಯಲಿಲ್ಲ. ನಮ್ಮ ಕಡೆ ಯಾರದೇ ಮನೆಯಿಂದ ಎದ್ದು ಹೊರಡುವಾಗ ಬರ್ತೀನಿ ಹಂಗಾದ್ರ ಅಂತಾರೆ, ಹೋಗಿ ಅನ್ನುವುದನ್ನು ನುಂಗಿ ಬಿಡುತ್ತಾರೆ, ಅದಕ್ಕೆ ಬೈ ಅಂತ ಅರ್ಥ ಅಂತ ಬಿಡಿಸಿ ಹೇಳಬೇಕಾಯಿತು. ಇವನಿಗೆ ನಾನು ಪೂರಾ ಮಾತು ಕಲಿಸಿದ್ದೆ. ಅರ್ಧ ನುಂಗಿದ ಮಾತನ್ನು ಮನೆಯಲ್ಲಿ ಯಾರು ಅಂದಿದ್ದಾರೆ? ಇಲ್ಲಿ ಬಂದವರೆಲ್ಲ ಬೈ ಅಂತಲೇ ಏಳುತ್ತಾರೆ. ಅಪ್ಪಾರು ಸುಳ್ಳು ಹೇಳಲಿಲ್ಲ. ನಿಜವನ್ನೂ ಹೇಳಲಿಲ್ಲ. ಇವನ ಕನ್ನಡ ಎಷ್ಟರದು ಅಂತ ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಗೊತ್ತಿದ್ದೇ ಹೇಳಿದರು ಅಂತ ಒಮ್ಮೆ ಅನ್ನಿಸುತ್ತದೆ. ನನ್ನ ಆರೋಗ್ಯ ಕೇಳಿದರಲ್ಲ, ಅದು ನೆನಪಾದರೆ ಇಲ್ಲ ಅನ್ನಿಸುತ್ತದೆ. ಮಾತು ತಿರುಗಿಸುವುದು ರಾಜಕಾರಣಿಯ ಕಸುಬು ಅಂತಾರೆ. ನಮ್ಮ ಮನೆಯಲ್ಲಿ ರಾಜಕಾರಣಿ ನೆಟ್ಟಗೆ ಮಾತಾಡಿದ.

ಮಗ ಕಾರನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

"ಯವ್ವಾ, ಹಂಗಾದ್ರ ಅಪ್ಪನ ತಲಿ ಮ್ಯಾಲೆ ಇಟ್ಟಿದ್ದು ಏನು?"

ಅವನು ಕೇಳಿದ್ದು ನನಗೆ ತಿಳಿಯಿತು. ಪಾದ ಅನ್ನಬೇಕಿತ್ತು, ಪಾದವೇ ಅನ್ನಬೇಕು. ಆದರೆ ನೀಲಿ ಅಂಗಿಯ ಮನುಷ್ಯನಿಗೆ ಪಾದ ಎಲ್ಲಿಯದು? ಮೊದಲು ಅವನು ತಪ್ಪಾಗಿ ಹೇಳಿದ್ದನ್ನೇ ಈಗ ನಾನು ಸರಿ ಅನ್ನಬೇಕಾಯಿತು. "ಕಾಲು" ಅಂದೆ. ಬೇರೆ ತಾಯಂದಿರು ಇನ್ನೂ ಏನಾದರೂ ಹೇಳುತ್ತಿದ್ದರೇನೋ. ನನಗೆ ಬರಲಿಲ್ಲ.

ಸಂಜೆ ಕಸದ ಡಬ್ಬಿ ಹೊರಗಿಡಲು ಹೋದಾಗ ಪಕ್ಕದ ಮನೆಯ ಇಂಗ್ಲಿಷ್ ಮುದುಕಿ ಸಿಕ್ಕಳು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅವಳ ಕಿವಿಯೂ ಅಷ್ಟಕ್ಕಷ್ಟೆ, ಹೀಗಾಗಿ ನಮಗಿಬ್ಬರಿಗೂ ಹೊಂದುತ್ತದೆ. ಸೊಸೆ ಅವಳಿಗೆ ಆಗಲೇ ಹೇಳಿದ್ದಳು. ನಮಗೂ ಹಿಂದೆ ಹೀಗೆ ಒಬ್ಬ ರಾಜ ಇದ್ದ, ಹೆಣ್ಣಿಗಾಗಿ ಸಿಂಹಾಸನ ಬಿಟ್ಟ, ನಮ್ಮಮ್ಮ ರೇಡಿಯೋದಲ್ಲಿ ಕೇಳಿ ಅತ್ತಿದ್ದಳಂತೆ ಅಂದಳು. ಅವನ ಪರವಾಗಿ ಒಬ್ಬ ರಾಜಕಾರಣಿ ಎದ್ದು ನಿಂತು ಟೈಮ್ ಕೊಡಿ ಅಂದದ್ದಕ್ಕೆ ಪಾರ್ಲಿಮೆಂಟೆಲ್ಲ ಕೂಗಿ ಕೂಡಿಸಿತಂತೆ. ಆ ರಾಜಕಾರಣಿಯ ಕಥೆ ಮುಗಿಯಿತು ಅಂದರಂತೆ. ಆಮೇಲೆ ಅವನೇ ದೇಶ ಆಳಿದನಂತೆ. ನಿನ್ನ ಮಗನಿಗೆ ಹೇಳು ಅಂತ ನನ್ನ ಕೈ ಅದುಮಿದಳು.

ಅದು ಹೇಗಾಯಿತು ಅಂತ ಕೇಳಿದೆ.

ಯುದ್ಧ ಬಂತಲ್ಲ ಅಂದಳು.

ಮಗನಿಗೆ ಹೇಳಲಿಲ್ಲ. ಒಬ್ಬ ಕೌನ್ಸಿಲರನ ಮಾನ ಉಳಿಸಲು ಯಾರು ಯುದ್ಧ ಮಾಡುತ್ತಾರೆ?

ಮರುದಿನ ಮುಂಜಾನೆ ಅವನು ಬೇಗ ಎದ್ದ. ಆಯ್ಕೆಯಿಂದ ಹಿಂದೆ ಸರಿಯುತ್ತೇನೆ ಅಂತ ಪಕ್ಷದವರಿಗೆ ಫೋನಿನಲ್ಲಿ ಹೇಳುವುದು ಮೇಲಿನ ಕೋಣೆಯಿಂದ ಕೇಳಿಸಿತು. ಇಂಗ್ಲಿಷಿನಲ್ಲಿ ಚೆನ್ನಾಗಿ ಹೇಳಿದ, ಎಲ್ಲೂ ಎಡವಲಿಲ್ಲ. ಕೆಳಗೆ ಬಂದು ನಿಂತೇ ಚಹಾ ಕುಡಿದ, ರೊಟ್ಟಿ ಮುಟ್ಟಲಿಲ್ಲ. ಕೋಟು ಹಾಕಿಕೊಂಡು ಹೊಸ್ತಿಲಿಗೆ ಹೋಗಿ ನಿಂತ. ಹೋಗಿ ಅಂದ. ಮುಂದಿನ ಮಾತು ಬಾಯಿಗೆ ಬರಲಿಲ್ಲ. ನಾನು ಕಾದೆ. ಅವನು ಬಾಗಿಲು ಎಳೆದುಕೊಂಡು ಹೋದ.

ನಾನು ಮುಂದಿನ ಕೋಣೆಗೆ ಹೋದೆ. ಕಾವಿ ಶಾಲನ್ನು ಅವನು ಕುರ್ಚಿಗೆ ಮತ್ತೆ ಹೊದಿಸಿ ಇಟ್ಟಿದ್ದ, ಯಾವಾಗ ಇಟ್ಟನೋ. ಅದನ್ನು ಎಳೆದು ವಾಷಿಂಗ್ ಮಷೀನಿಗೆ ಹಾಕಿದೆ. ಹಾವುಗೆಗಳನ್ನು ಒಂದು ಚೀಲದಲ್ಲಿ ಹಾಕಿ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಇಟ್ಟೆ. ಕುರ್ಚಿಯನ್ನು ನೆಲಕ್ಕೆ ಗೀರು ಬೀಳುವ ಹಾಗೆ ಎಳೆದುಕೊಂಡು ಅಡುಗೆಮನೆಗೆ ತಂದು, ಅದರ ಮೇಲೆ ಕೂತು, ಮೆಂತೆ ಪಲ್ಲೆಯ ಎಲೆ ಬಿಡಿಸಿ ಸೋಸಿದೆ.